ಏಳನೇ ತಿರುವಿನ ಕೊನೇ ನೋಟ

“ತಿಪ್ಪೇಶಣ್ಣಾ, ಏಳನೇ ತಿರುವಿನ ಜಲಪಾತದಲ್ಲಿ ಇನ್ನೊಂದೇ ನೋಟ ಉಳಿದಿದೆಯಂತೆ!” ಫೋನು ನೋಡುತ್ತಿದ್ದ ಕಂಡಕ್ಟರ್ ಶಕೀಲಾ ಬಸ್ಸಿನ ಹಿಂದಿನಿಂದ ಕೂಗಿದಳು.

ಘಾಟಿಯ ನೋಟಗಳು ನೋಡಿದಷ್ಟೂ ಸವೆಯುತ್ತಿದ್ದವು. ಮೂರನೇ ತಿರುವಿನ ಕಣಿವೆ ಹೋದ ವರ್ಷವೇ ಮುಗಿದು, ಅಲ್ಲೀಗ ಬರೀ ಬಿಳುಪು. ಹಾಗಾಗಿ ಪ್ರತಿ ಜಾಗದ ಕೊನೆಯ ನೋಟ, ಅದನ್ನು ಒಮ್ಮೆಯೂ ನೋಡದವರಿಗೆ ಮೀಸಲು. ಇಪ್ಪತ್ತೆರಡು ವರ್ಷ ರಸ್ತೆಯಿಂದ ಕಣ್ಣು ಕೀಳದೆ ಬಸ್ಸು ಓಡಿಸಿದ್ದ ತಿಪ್ಪೇಶಿ ಆ ಜಲಪಾತ ನೋಡಿಯೇ ಇರಲಿಲ್ಲ. ಯಾರೂ ನೋಡದಂತೆ ಪರದೆ ಎಳೆದಿದ್ದ ಏಳನೇ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಇಳಿದು, “ನಾನು ನೋಡೇ ಇಲ್ಲ,” ಎಂದೇಬಿಟ್ಟ.

“ದಿನಾ ಇದೇ ದಾರೀಲಿ ಹೋಗೋರು ನೋಡೇ ಇಲ್ವಾ? ಬೆಳಗ್ಗಿಂದ ಹನ್ನೊಂದು ಜನ ಹಿಂಗೇ ಹೇಳಿದ್ರು,” ಎಂದು ಪರದೆ ಕಾಯುವ ಲವೀನಾ ಪೆನ್ನಿನ ಮುಚ್ಚಳ ತೆಗೆದಳು. “ನೀರು ಹೆಂಗೆ ಬೀಳುತ್ತೆ, ಹೇಳಿ.”

“ಬೀಳಲ್ಲ ಮೇಡಂ. ಕೆಳಗಿಂದ ಮೇಲಕ್ಕೆ ಹೋಗುತ್ತೆ.”

ಶಕೀಲಾ ಹಣೆ ಚಚ್ಚಿಕೊಂಡಳು.

“ಯಾರು ಹೇಳಿದ್ರು?” ಎಂದಳು ಲವೀನಾ.

“ಕನ್ನಡೀಲಿ ಕಾಣುತ್ತಲ್ಲ. ಈ ತಿರುವು ಬಂದ್ರೆ ಪ್ಯಾಸೆಂಜರ್‌ಗಳ ಮುಖ ಎಲ್ಲ ಕೆಳಗಿಂದ ಮೇಲಕ್ಕೇ ಏಳುತ್ತೆ.”

ಲವೀನಾ ನಗದೆ ರಿಜಿಸ್ಟರಿನಲ್ಲಿ ‘ನೋಡಿಲ್ಲ’ ಎಂದು ಬರೆದಳು.

“ನಾಳೆ ಬೆಳಗ್ಗೆ ಏಳಕ್ಕೆ ಬನ್ನಿ. ನಡ್ಕೊಂಡೇ ಬನ್ನಿ, ಇಲ್ಲಾಂದ್ರೆ ಮತ್ತೆ ರಸ್ತೇನೇ ನೋಡ್ತಾ ಕೂರ್ತೀರಿ.”