ಎಡಗಡೆಯ ಸೀಟು

"ಅದನ್ನ ಎತ್ಬೇಡ ಮಾರಾಯ" ಎಂದು ಸೀತಾರಾಮಪ್ಪ ಕೂಗುವಷ್ಟರಲ್ಲಿ ಮೆಕ್ಯಾನಿಕ್ ರಾಜು ಜೀಪಿನ ಎಡಗಡೆ ಸೀಟಿನ ಮುಂದಿದ್ದ ರಬ್ಬರ್ ಮ್ಯಾಟನ್ನು ಎತ್ತಿಬಿಟ್ಟಿದ್ದ. ಅದರ ಮೇಲೆ ಒಣಗಿ ನಿಂತಿದ್ದ ಎರಡು ಹೆಜ್ಜೆಗಳ ಕೆಸರು ಚಕ್ಕೆ ಚಕ್ಕೆಯಾಗಿ ಉದುರಿತು.

ಮೂರು ವರ್ಷದ ಹಿಂದೆ, ನಾಟಿ ಮಾಡುತ್ತಿದ್ದ ಹೆಂಡತಿ ಹೇಮಾವತಿ ಎದೆ ಹಿಡಿದುಕೊಂಡು ಕುಸಿದಾಗ ಸೀತಾರಾಮಪ್ಪ ಅವಳನ್ನು ಗದ್ದೆಯಿಂದ ನೇರ ತಂದು ಆ ಸೀಟಿನಲ್ಲಿ ಕೂರಿಸಿದ್ದ. "ತಡೀರಿ, ಕಾಲ್ ತೊಳ್ಕಂಡ್ ಬರ್ತೀನಿ, ಜೀಪ್ ಗಲೀಜಾಗ್ತದೆ" ಎಂದಿದ್ದಳು. ಅವನು ಬಿಟ್ಟಿರಲಿಲ್ಲ. ತೀರ್ಥಹಳ್ಳಿ ಆಸ್ಪತ್ರೆ ಮುಟ್ಟುವ ಮೊದಲೇ ಅವಳು ಹೋಗಿದ್ದಳು. ಆಮೇಲೆ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ, ಅವಳ ಹೆಜ್ಜೆಯಿದ್ದ ಆ ಮ್ಯಾಟನ್ನು ಯಾರೂ ಎತ್ತಿರಲಿಲ್ಲ. ಆದರೆ ಜೀಪಿಗೆ ತುಕ್ಕು ಹಿಡಿಯಬಾರದೆಂದು ಪ್ರತಿ ವರ್ಷ ಮಳೆಗೆ ಮುಂಚೆ ಅವನೇ ಅದರಡಿ ಮಲಗಿ ತಳಕ್ಕೆಲ್ಲ ಹಳೇ ಆಯಿಲ್ ಬಳಿಯುತ್ತಿದ್ದ. ಈ ಸಲ ಮಂಡಿ ನೋವೆಂದು ಹೊಸನಗರದ ಗ್ಯಾರೇಜಿಗೆ ತಂದಿದ್ದ.

ರಾಜು ಮ್ಯಾಟಿದ್ದ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದ. ತಗಡು ಹಪ್ಪಳದಂತೆ ಮುರಿದು ನೆಲಕ್ಕೆ ಬಿತ್ತು.

"ಕೆಳಗಿಂದ ನೀವ್ ಎಷ್ಟ್ ಆಯಿಲ್ ಬಳಿದ್ರೂ ಅಷ್ಟೇ ಸೀತಾರಾಮಣ್ಣ. ಮ್ಯಾಟಿನಡಿ ನೀರು ನಿಂತು ಮೇಲಿಂದ ತುಕ್ಕು ಹಿಡ್ದಿದೆ. ವರ್ಷಕ್ಕೊಂದ್ಸಲ ಎತ್ತಿ ಒಣಗ್ಸಿದ್ರೆ ಸಾಕಿತ್ತು."

ತೂತಿನ ಅಂಚಿನಲ್ಲಿ ಕೆಸರಿನ ಒಂದು ಚಕ್ಕೆ ಇನ್ನೂ ಉಳಿದಿತ್ತು. ಸೀತಾರಾಮಪ್ಪ ಬಗ್ಗಿ ಬೆರಳು ಚಾಚಿದ. ಮುಟ್ಟುತ್ತಲೇ ಅದು ಪುಡಿಯಾಗಿ ತೂತಿನಿಂದ ಜಾರಿ ಗ್ಯಾರೇಜಿನ ಮಣ್ಣಿಗೆ ಬಿತ್ತು. ಆ ಮಣ್ಣಿನಲ್ಲಿ ಅವಳ ಕಾಲಿನದು ಯಾವುದೆಂದು ಇನ್ನು ಗೊತ್ತಾಗುವಂತಿರಲಿಲ್ಲ.