ಗ್ಯಾಲರಿಯಲ್ಲಿ ಗುಡ್ ಮಾರ್ನಿಂಗ್

ಪ್ರೇಕ್ಷಕರ ಗ್ಯಾಲರಿಗೆ ಕಾಲಿಡುತ್ತಿದ್ದಂತೆ ಎರ್ಮಿನ್ ಮುದುಕಿಯ ಬಾಯಿಂದ "ಗುಡ್ ಮಾರ್ನಿಂಗ್" ಹೊರಬಿದ್ದೇ ಹೋಯಿತು. ಆ ದ್ವೀಪದ ರಾಜಧಾನಿ ಬ್ರಿಡ್ಜ್‌ಟೌನಿನಲ್ಲಿ ನಾಲ್ಕು ಜನ ಕೂತಲ್ಲಿಗೆ ಹೋಗಿ ಹಾಗೆನ್ನದವರನ್ನು ಯಾರೂ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಇದು ಸಂಸತ್ತು, ಪ್ರೇಕ್ಷಕರು ಕೆಮ್ಮಲೂ ಹೆದರುವ ಜಾಗ. ಕೆಳಗೆ ಸದಸ್ಯರೆಲ್ಲ ಕತ್ತೆತ್ತಿ ನೋಡಿದರು; ಒಬ್ಬರೂ ಉತ್ತರ ಕೊಡಲಿಲ್ಲ. ಬಣ್ಣದ ಗಾಜಿನ ಕಿಟಕಿಗಳಲ್ಲಿ ಚಿತ್ರವಾಗಿದ್ದ ಹಳೆಯ ರಾಜರಾಣಿಯರೂ ಬಿಗುಮಾನ ಬಿಡಲಿಲ್ಲ.

ಕಾವಲಿನವನು ದಡದಡನೆ ಬಂದ. "ಅಜ್ಜೀ, ಇಲ್ಲಿ ಬಾಯಿ ಬಿಡೋ ಹಾಗಿಲ್ಲ. ಇದೇನು ಮೀನು ಮಾರ್ಕೆಟ್ಟಾ?"

"ಮೀನು ಮಾರ್ಕೆಟ್ಟಲ್ಲಾದ್ರೆ ತಿರುಗಿ ಹೇಳ್ತಾರಪ್ಪ. ನಿಮ್ಮಮ್ಮ ನಿಂಗೆ ಕಲಿಸ್ಲಿಲ್ವಾ?"

ಅವನಿಗೆ ನಾಚಿಕೆಯಾಯಿತು. ಬಗ್ಗಿ, ಅವಳ ಕಿವಿಯಲ್ಲಿ ಪಿಸುಗುಟ್ಟಿದ: "ಗುಡ್ ಮಾರ್ನಿಂಗ್, ಅಜ್ಜಿ."

ಎರ್ಮಿನ್ ಕಣ್ಣು ಮುಚ್ಚಿ ಅದನ್ನು ಕೇಳಿಸಿಕೊಂಡಳು. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೂ ದಿನಾ ಬೆಳಿಗ್ಗೆ ಖಾಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಆ ಮಾತು ಹೇಳುತ್ತಿದ್ದಳು. ಆ ಬೆಳಗಿನ ಮಾತಿಗೆ ಉತ್ತರ ಬಂದದ್ದು ಇವತ್ತೇ. ಟೋಪಿ ಸರಿಮಾಡಿಕೊಂಡು ಬಾಗಿಲತ್ತ ತಿರುಗಿದಳು.

"ಎಲ್ಲಿಗೆ ಹೊರಟ್ರಿ? ಚರ್ಚೆ ಈಗಷ್ಟೇ ಶುರುವಾಗ್ತಿದೆ."

"ಬಂದ ಕೆಲಸ ಆಯ್ತಪ್ಪ."