ಕಿವಿ ಮೇಸ್ತ್ರಿ

"ಇಂಥ ಮಾಲು ಇಟ್ಕೊಂಡು ಅಂಗಡಿ ನಡೆಸ್ತೀಯಾ?" ಎನ್ನುತ್ತ ಕಿವಿ ಮೇಸ್ತ್ರಿ ಹೊಸ ಫ್ಯೂಯೆಲ್ ಪಂಪನ್ನು ಅಕ್ಕನ ಅಂಗಡಿಯ ಮೇಜಿನ ಮೇಲೆ ಧಡ್ಡನೆ ಕುಕ್ಕಿದ. "ನಿನ್ನೆ ನೀನು ಕೊಟ್ಟಿದ್ದೇ ಇದು. ಹುಟ್ಟುವಾಗಲೇ ಸತ್ತಿದೆ."

ಅಕ್ಕ ಕನ್ನಡಕ ಮೇಲೇರಿಸಿ ತಮ್ಮನ ಮುಖ ನೋಡಿದಳು. ಬೀದಿಯ ಈ ಕಡೆ ಅವಳ ಸ್ಪೇರ್ ಪಾರ್ಟ್ಸ್ ಅಂಗಡಿ, ಆ ಕಡೆ ಅವನ ಗ್ಯಾರೇಜು. ಕಿವಿ ಮೇಸ್ತ್ರಿ ಎಂಬ ಹೆಸರು ಅವನಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ. ಹಳೆಯ ಇಂಜೆಕ್ಷನ್ ಕಾರುಗಳಲ್ಲಿ ಕೀ ತಿರುಗಿಸಿದೊಡನೆ, ಹಿಂದಿನ ಸೀಟಿನಡಿಯ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಎರಡು ಸೆಕೆಂಡು ಸಣ್ಣಗೆ ಗುಂಯ್‌ಗುಡುತ್ತದೆ. ಬೇರೆಯವರು ಮೀಟರು ಹುಡುಕುವಷ್ಟರಲ್ಲಿ ಇವನು ಹಿಂದಿನ ಸೀಟಿಗೆ ಕಿವಿಯಿಟ್ಟು ಅದನ್ನು ಕೇಳಿಸಿಕೊಂಡು, ಪಂಪು ಸರಿಯಿದೆಯೋ, ಸೋತಿದೆಯೋ, ಸತ್ತಿದೆಯೋ ಹೇಳಿಬಿಡುತ್ತಿದ್ದ. ನಾಲ್ಕು ಗ್ಯಾರೇಜು ಕೈಚೆಲ್ಲಿದ ಗಾಡಿಗಳು ಅವನ ಬಾಗಿಲಿಗೆ ಬರುತ್ತಿದ್ದುದು ಆ ಕಿವಿಯನ್ನು ನಂಬಿ.

"ಏನಾಯ್ತು, ಸರಿಯಾಗಿ ಹೇಳು," ಎಂದಳು ಅಕ್ಕ.

"ಏನಾಗೋದು? ಆ ನರ್ಸಮ್ಮನ ಕಾರು. ಸ್ಟಾರ್ಟರ್ ತಿರುಗುತ್ತೆ, ಎಂಜಿನ್ ಹಿಡಿಯಲ್ಲ. ಎಂಜಿನ್ ಹತ್ರ ಪೈಪ್ ಬಿಚ್ಚಿದ್ರೆ ಒಂದು ತೊಟ್ಟು ಪೆಟ್ರೋಲ್ ಇಲ್ಲ. ಪಂಪಿಗೆ ಕರೆಂಟೇನೋ ಬರ್ತಿದೆ, ಸದ್ದು ಮಾತ್ರ ಇಲ್ಲ. ಹಳೇದು ಕಿತ್ತು ನಿಂದು ಹಾಕಿದೆ. ಇದಕ್ಕೂ ಉಸಿರಿಲ್ಲ. ಪಾಪ, ಮನೆ ಮನೆಗೆ ಹೋಗಿ ರೋಗಿಗಳನ್ನ ನೋಡೋ ಹೆಂಗಸು, ಎರಡು ದಿನದಿಂದ ನಡ್ಕೊಂಡು ಓಡಾಡ್ತಿದ್ದಾರೆ. ನನ್ನ ಹೆಸರು ಏನಾಗ್ಬೇಡ?"

"ಫಿಲ್ಟರ್ ಬಿಚ್ಚಿ ನೋಡಿದ್ಯಾ?"

"ಪಂಪೇ ಸತ್ತಿರುವಾಗ ಫಿಲ್ಟರ್ ಬಿಚ್ಚಿ ಅದರಲ್ಲಿ ಮುಖ ನೋಡ್ಕೊಳ್ಲಾ?"

ಇಂಥ ಮಾತಿಗೆ ಅಕ್ಕ ಯಾವತ್ತೂ ನಗುವವಳು. ಇವತ್ತು ನಗಲಿಲ್ಲ. "ನಿನ್ನೆ ನೀನು ಇಲ್ಲಿ ಎಸೆದು ಹೋದೆಯಲ್ಲ, ಆ ಹಳೇ ಪಂಪು. ಅದು ಸತ್ತಿರೋದು ಖಂಡಿತಾನಾ?"

"ಮೂವತ್ತು ವರ್ಷದಿಂದ ಈ ಕಿವಿಯಿಂದ್ಲೇ ಅನ್ನ ತಿಂತಿದೀನಿ. ಅನುಮಾನ ಇದ್ರೆ ಬ್ಯಾಟರಿಗೆ ಕೊಟ್ಟು ನೋಡು."

"ಕೊಟ್ಟಿದೀನಿ ಕಣೋ. ನೀನು ಬಂದಾಗಿಂದ ಓಡ್ತಾನೇ ಇದೆ."

ಮೇಜಿನ ಆ ತುದಿಯಲ್ಲೊಂದು ಎತ್ತರದ ತಗಡಿನ ಡಬ್ಬ. ಅದರೊಳಗಿಂದ ಎರಡು ವೈರುಗಳು ಕೆಳಗಿದ್ದ ಬ್ಯಾಟರಿಗೆ ಇಳಿದಿದ್ದವು. ಮೇಸ್ತ್ರಿ ಬಗ್ಗಿ ನೋಡಿದ. ಸೀಮೆಎಣ್ಣೆಯಲ್ಲಿ ಮುಳುಗಿದ ಪಂಪು ಎಣ್ಣೆಯನ್ನು ಗರಗರನೆ ಸುತ್ತಿಸುತ್ತಿತ್ತು. ಅವನು ಡಬ್ಬದ ಬಾಯಿಗೆ ಕಿವಿ ಕೊಟ್ಟ. ಬೀದಿಯ ಲಾರಿ ಕೇಳಿಸಿತು, ಪಕ್ಕದ ಅಂಗಡಿಯವನ ಕೆಮ್ಮು ಕೇಳಿಸಿತು, ಪಂಪು ಕೇಳಿಸಲಿಲ್ಲ. ಇನ್ನೊಂದು ಕಿವಿ ಕೊಟ್ಟ. ಕೊನೆಗೆ ಎರಡು ಬೆರಳು ಅದ್ದಿ ಪಂಪನ್ನು ಮುಟ್ಟಿದ. ಅದರ ನಡುಕ ಮೊಣಕೈವರೆಗೂ ಹತ್ತಿತು.

"ಹೋದ ತಿಂಗಳು ನೀನು ಸತ್ತಿದೆ ಅಂದಿದ್ದ ಪಂಪೂ ಹೀಗೇ ಓಡ್ತು," ಎಂದಳು ಅಕ್ಕ. ದನಿಯಲ್ಲಿ ಜಗಳವಿರಲಿಲ್ಲ. "ಒಂದ್ಸಲ ಯಾರಿಗಾದ್ರೂ ತಪ್ಪುತ್ತೆ ಅಂತ ಸುಮ್ಮನಾದೆ. ಆವತ್ತೇ ಹೇಳಬೇಕಿತ್ತು ನಾನು."

ಮೇಸ್ತ್ರಿ ಒದ್ದೆ ಬೆರಳನ್ನು ಒರೆಸಿಕೊಳ್ಳುವುದನ್ನೂ ಮರೆತು ನಿಂತ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಚಿಕ್ಕಂದಿನಲ್ಲಿ ಜನರ ನಡುವೆ ಇದೇ ಅಕ್ಕನ ಕೈ ತಪ್ಪಿದಾಗ ಆದಂಥ ಹೆದರಿಕೆ. "ಯಾರಿಗೂ ಹೇಳ್ಬೇಡ ಅಕ್ಕ," ಎಂದ.

"ನಾನ್ಯಾಕೆ ಹೇಳ್ಲಿ? ನರ್ಸಮ್ಮನಿಗೆ ನೀನೇ ಹೇಳ್ಬೇಕು. ಮೊದಲು ಆ ಫಿಲ್ಟರ್ ಬಿಚ್ಚು, ನಡಿ." ಹೊಸ ಪಂಪನ್ನು ಅದರ ಪೆಟ್ಟಿಗೆಗೆ ಸೇರಿಸಿ, ಹಳೆಯದನ್ನು ಒರೆಸಿ ಕೈಯಲ್ಲಿ ಹಿಡಿದು, ಅವಳೂ ಅವನ ಜೊತೆ ಬೀದಿ ದಾಟಿದಳು.

ಕಾರಿನ ಅಡಿಯಿಂದ ಬಿಚ್ಚಿದ ಫಿಲ್ಟರನ್ನು ಊದಿದರೆ ಗಾಳಿ ಆಚೆಗೆ ದಾಟಲಿಲ್ಲ. ತಲೆಕೆಳಗು ಮಾಡಿ ಕುಟ್ಟಿದಾಗ ಹಳೆಯ ಟ್ಯಾಂಕಿನ ತುಕ್ಕು ಗಂಜಿಯ ಹಾಗೆ ಸುರಿಯಿತು. ನಿನ್ನೆ ಇಷ್ಟೇ ಮಾಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ. ಹೊಸ ಫಿಲ್ಟರ್ ಹಾಕಿ, ಹಳೆಯ ಪಂಪನ್ನೇ ಮತ್ತೆ ಟ್ಯಾಂಕಿಗಿಳಿಸಿ ಮುಗಿಸುವ ಹೊತ್ತಿಗೆ, ಕಾರು ಏನಾಯಿತೆಂದು ಕೇಳಲು ನರ್ಸಮ್ಮ ಗ್ಯಾರೇಜಿಗೆ ಬಂದಿದ್ದರು.

"ನಿಮ್ಮ ಪಂಪು ನಿನ್ನೆನೂ ಸರಿಯಿತ್ತು ಅಮ್ಮ," ಎಂದ ಮೇಸ್ತ್ರಿ, ಕೈಯಲ್ಲಿದ್ದ ಸ್ಪ್ಯಾನರನ್ನು ನೋಡುತ್ತ. "ನನಗೇ ಅದರ ಸದ್ದು ಕೇಳಿಸ್ಲಿಲ್ಲ. ನಿಮ್ಮನ್ನ ಎರಡು ದಿನ ನಡೆಸಿದ್ದು ನಾನು."

ಅವರು ಬೈಯುತ್ತಾರೆಂದು ಅವನು ಕಾದ.

"ಒಂದು ಕಿವೀನಾ, ಎರಡೂನಾ?" ಎಂದರು ನರ್ಸಮ್ಮ, ರೋಗಿಯನ್ನು ಕೇಳುವ ದನಿಯಲ್ಲಿ.

"ಎರಡೂ ಇರಬೇಕು."

"ನಾಳೆ ಬೆಳಿಗ್ಗೆ ರೆಡಿಯಾಗಿರಿ, ತೋರಿಸ್ಕೊಂಡು ಬರೋಣ. ಈಗ ಕೀ ತಿರುಗಿಸ್ಲಾ?"

ಅವರು ಡ್ರೈವರ್ ಸೀಟಿಗೆ ಹತ್ತಿದರು. ಮೇಸ್ತ್ರಿ ರೂಢಿಯಂತೆ ಹಿಂದಿನ ಸೀಟಿಗೆ ಬಗ್ಗಿದವನು ಅರ್ಧಕ್ಕೇ ತಡೆದು ತಲೆಯೆತ್ತಿದ. ಕಾರಿನ ಬಾಗಿಲು ಹಿಡಿದು ಅಕ್ಕ ನಿಂತಿದ್ದಳು. ಕೀ ತಿರುಗಿತು. ಪಂಪಿನ ಸದ್ದು ಕೇಳಿಸಿದೊಡನೆ ಅಕ್ಕ ತೋರುಬೆರಳನ್ನು ಮೇಲೆತ್ತಿದಳು. ಸದ್ದು ನಿಂತು ಅದು ಕೆಳಗಿಳಿಯುವವರೆಗೂ ಮೇಸ್ತ್ರಿ ರೆಪ್ಪೆ ಬಡಿಯದೆ ಆ ಬೆರಳನ್ನೇ ನೋಡಿದ.